ಸುಣ್ಣ ಹಚ್ಚುವ ಮೊದಲು

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ ಮಕ್ಕಳಿಗೆ ಏಪ್ರಿಲ್, ಮೇ ತಿಂಗಳೆಂದರೆ ತೀರದ ರಜೆ. ಫಲಿತಾಂಶದ ಚಿಂತೆ ಒಂದು ಕಡೆ, ಬಿಸಿಲು ಇನ್ನೊಂದು ಕಡೆ. ಬಳ್ಳಾರಿ ಸೀಮೆಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಬಿರುಬೇಸಿಗೆ ಎಂಬ ಹಳೆಯ ತಮಾಷೆ ನಿಮಗೂ ಗೊತ್ತಿರಬಹುದು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಬಿಸಿಲು ಮಾತ್ರ ಪಾಲಾಗಲಿಲ್ಲ.

ಅಂಥ ಬಿಸಿಲಿನಲ್ಲಿ ಹಗರಿಬೊಮ್ಮನಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಬಸ್ಸಿಳಿದು ಕಾಲು ತೊಳೆಯುವಷ್ಟರಲ್ಲಿ ಅಕ್ಕನ ಮಗಳು ದೂರು ಹಿಡಿದು ನಿಂತಳು.

"ಮಾವ, ಈ ರಜದಾಗ ನಾ ಓದೋ ಕ್ವಾಣಿಗೆ ಬಣ್ಣ ಹಚ್ಚಬೇಕು ಅಂತ ರೊಕ್ಕ ಕೂಡಿಟ್ಟೀನಿ. ಅಪ್ಪಾಜಿ ಬ್ಯಾಡ ಅಂತಾರೆ."

ಕೂಡಿಟ್ಟ ಹಣ 1,800 ರೂಪಾಯಿ. ಹಬ್ಬಕ್ಕೆ ಕೊಟ್ಟಿದ್ದು, ಅಜ್ಜಿ ಕೈಗಿಟ್ಟಿದ್ದು, ಎಲ್ಲ ಸೇರಿ. ಭಾವ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ಓದೋ ಹುಡುಗಿ ಕೈಯಾಗ ಸುಣ್ಣದ ಬಕೀಟು ಯಾಕಪ್ಪ? ಆಳು ಕರೆಸಿದ್ರಾತು. ಅದೂ ಅಲ್ದ ಆ ಗ್ವಾಡಿಗೆ ಹೋದ ದೀಪಾವಳಿಗೇ ಬಣ್ಣ ಹೊಡಿಸಿದ್ದೆ" ಎಂದರು.

ಆ ಗೋಡೆಯನ್ನು ನೋಡಲು ಒಳಗೆ ಹೋದೆ. ಅಕ್ಕನ ಮನೆ ಅರ್ಧ ಹೊಸದು, ಅರ್ಧ ಹಳೆಯದು. ಮುಂದಿನ ಎರಡು ಕೋಣೆಗೆ ಆರ್‌ಸಿಸಿ, ಹಿಂದಿನ ಪಡಸಾಲೆ, ಅಡುಗೆಮನೆ ಮತ್ತು ಈ ಹುಡುಗಿ ಓದುವ ಕೋಣೆಗೆ ಮಣ್ಣಿನ ಮಾಳಿಗೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಬೇವಿನ ತೊಲೆ, ಮೇಲೆ ಜಂತಿ. ಹೊರಗೆ ಕೆಂಡದಂಥ ಬಿಸಿಲಿದ್ದರೂ ಒಳಗೆ ಕಾಲಿಟ್ಟರೆ ತಂಪು. ಆದರೆ ಅವಳ ಮೇಜಿನ ಹಿಂದಿನ ಗೋಡೆ ಮಾತ್ರ ನೆಲದಿಂದ ಸೊಂಟದೆತ್ತರದವರೆಗೆ ರೋಗ ಬಂದಂತಿತ್ತು. ಹಸಿರು ಬಣ್ಣ ಹಪ್ಪಳದಂತೆ ಎದ್ದು ನಿಂತಿದೆ. ಕೆಳಗೆ ಬಿಳಿ ಪುಡಿ ಉದುರಿದೆ. ನಾಲಿಗೆಗೆ ತಾಗಿಸಿದರೆ ಉಪ್ಪು. ಗೋಡೆಗೆ ತಾಗಿಸಿಟ್ಟ ಪುಸ್ತಕಗಳ ಬೆನ್ನು ಬೂಸ್ಟು ಹಿಡಿದಿದೆ. ಮಳೆಗಾಲದಲ್ಲಿ ಈ ಕೋಣೆಯಲ್ಲಿ ಕುಳಿತರೆ ಹುಡುಗಿಗೆ ಸೀನು ನಿಲ್ಲುವುದಿಲ್ಲ ಎಂದು ಅಕ್ಕ ಹೇಳಿದಳು.

ನೋಡಿದ ಕೂಡಲೇ ನನಗೆ ನನ್ನದೇ ಹಳೆಯ ಪ್ರತಾಪ ನೆನಪಾಯಿತು. ಕಾಲೇಜಿನಲ್ಲಿದ್ದಾಗ ಇದೇ ಅಕ್ಕನ ಮದುವೆಗೆಂದು ನಮ್ಮ ಹಳೆಯ ಮನೆಯ ಪಡಸಾಲೆ ಗೋಡೆಗೆ ನಾನೇ ಆಯಿಲ್ ಪೇಂಟ್ ಬಳಿದಿದ್ದೆ. ವಿದ್ಯಾರ್ಥಿ ವೇತನದ ಹಣ. ತಪ್ಪು ಹೇಳುವವರಿದ್ದರು, ಕೇಳುವ ಕಿವಿ ನನಗಿರಲಿಲ್ಲ. ಒದ್ದೆ ಕಲೆಯ ಮೇಲೆ ಎರಡು ಸಲ ಹೆಚ್ಚಿಗೆ ಬಳಿದರೆ ಕಲೆ ಮುಚ್ಚಿಹೋಗುತ್ತದೆಂದು ತಿಳಿದಿದ್ದೆ. ಮದುವೆಯ ದಿನ ಗೋಡೆ ಕನ್ನಡಿಯಂತೆ ಹೊಳೆಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣದ ಹಿಂದೆ ಮಣ್ಣು ಸಡಿಲಾಗಿ, ಬಣ್ಣದ ಜೊತೆಗೆ ಗಿಲಾವೂ ಹಾಳೆ ಹಾಳೆಯಾಗಿ ಬಿತ್ತು. ನಮ್ಮಪ್ಪ ಬೈಯಲಿಲ್ಲ. ಬಿದ್ದ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಹೊರಗೆ ಹಾಕಿದರು, ಅಷ್ಟೇ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಆದ್ದರಿಂದ ಹುಡುಗಿಗೆ ಹೇಳಿದೆ: "ಬಣ್ಣ ಹಚ್ಚು, ನಾನು ಅಪ್ಪಾಜಿಗೆ ಹೇಳ್ತೀನಿ. ಆದ್ರೆ ಒಂದು ವಾರ ಒಂದು ಪೈಸೆ ಖರ್ಚು ಮಾಡಬಾರದು. ಒಂದು ನೋಟ್‌ಬುಕ್ ತಗೋ. ಈ ಗೋಡೆಗೆ ನೀರು ಎಲ್ಲಿಂದ ಬರ್ತದೆ ಅನ್ನೋದನ್ನ ಬರೆದಿಡು." ಅವಳ ಮುಖ ಸಪ್ಪಗಾಯಿತು. ರಜೆಯಲ್ಲೂ ಹೋಮ್‌ವರ್ಕ್ ಎಂದುಕೊಂಡಿರಬೇಕು.

ಮನೆ ರಿಪೇರಿ ಕಲಿಯಬೇಕೆಂದು ಹೊರಡುವವರು ಮೊದಲು ಓಡುವುದು ಅಂಗಡಿಗೆ. ಗೋಡೆ ಕೆಟ್ಟರೆ ಬಣ್ಣ, ಬಣ್ಣ ಕೆಟ್ಟರೆ ಇನ್ನೂ ದುಬಾರಿ ಬಣ್ಣ. ಆದರೆ ಹಳೆಯ ಮನೆಗಳ ಬಹುಪಾಲು ಕಾಯಿಲೆಗಳ ಮೂಲ ನೀರು. ಮೇಲಿನಿಂದ ಸುರಿಯುವ ನೀರು, ಬುಡದಲ್ಲಿ ನಿಲ್ಲುವ ನೀರು, ಬಚ್ಚಲಿನಿಂದ ಸೋರುವ ನೀರು. ಅದನ್ನು ಪತ್ತೆ ಹಚ್ಚಲು ಬೇಕಾದುದು ಕಣ್ಣು ಮತ್ತು ತಾಳ್ಮೆ. ಎರಡೂ ವಿದ್ಯಾರ್ಥಿಗಳಲ್ಲಿ ಇವೆ, ತಾಳ್ಮೆ ಸ್ವಲ್ಪ ಕಡಿಮೆ ಇರಬಹುದು.

ಮೊದಲ ದಿನ ಒಂದು ಸಣ್ಣ ಪ್ರಯೋಗ ಮಾಡಿಸಿದೆ. ಗೋಡೆಯ ಮೇಲೆ ಒಂದು ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಹೊರಮೈಯಲ್ಲಿ ತೇವ ಕಂಡರೆ ಅದು ಕೋಣೆಯ ಗಾಳಿಯದು, ಗಾಳಿ ಬೆಳಕು ಸಾಲದು ಎಂದರ್ಥ. ಒಳಮೈಯಲ್ಲಿ ಹನಿ ಕೂತರೆ ತೇವ ಗೋಡೆಯೊಳಗಿನಿಂದಲೇ ಬರುತ್ತಿದೆ. ಇಲ್ಲಿ ಒಳಮೈಯಲ್ಲಿ ಹನಿ ಕೂತಿತ್ತು. ಅದೂ ಏಪ್ರಿಲ್ ತಿಂಗಳಿನಲ್ಲಿ, ಮಳೆಯ ಸುಳಿವೇ ಇಲ್ಲದಾಗ! ಹಾಗಾದರೆ ಈ ನೀರು ಮಳೆಯದಷ್ಟೇ ಅಲ್ಲ. ಹುಡುಗಿಗೆ ಈಗ ಪತ್ತೇದಾರಿಯ ಹುಮ್ಮಸ್ಸು ಬಂತು. ಗೋಡೆಯ ಆಚೆ ಬದಿಗೆ ಹೋಗಿ ನೋಡಿದರೆ ಬಚ್ಚಲಿನ ನೀರು ಹೋಗುವ ಗಾರೆಯ ಕಾಲುವೆ ಒಂದು ಕಡೆ ಬಿರುಕು ಬಿಟ್ಟಿದೆ. ದಿನವೂ ಐದು ಜನರ ಸ್ನಾನದ ನೀರಿನಲ್ಲಿ ಒಂದಿಷ್ಟು ಸೀದಾ ಗೋಡೆಯ ಬುಡಕ್ಕೆ.

ಮೂರನೆಯ ದಿನ ಅವಳ ತಮ್ಮ ಮಾಳಿಗೆ ಹತ್ತಿ ಒಂದು ಕೊಡ ನೀರನ್ನು ದೋಣಿಯ ಹತ್ತಿರ ಸುರಿದ. ಮಾಳಿಗೆಯ ನೀರು ಹೊರಗೆ ಬೀಳಲೆಂದು ಇಟ್ಟ ತಗಡಿನ ದೋಣಿ ಮುರಿದು ಗಿಡ್ಡವಾಗಿತ್ತು. ನೀರು ಓಣಿಗೆ ಬೀಳುವ ಬದಲು ಗೋಡೆಯನ್ನೇ ನೆಕ್ಕಿಕೊಂಡು ಇಳಿಯಿತು. ಇನ್ನೊಂದು ಕಾರಣ ಕಣ್ಣೆದುರೇ ಇದ್ದರೂ ಯಾರಿಗೂ ಹೊಳೆದಿರಲಿಲ್ಲ. ಓಣಿಗೆ ಒಮ್ಮೆ ಕಾಂಕ್ರೀಟ್ ಬಿದ್ದಿತ್ತು, ಕೆಲವು ವರ್ಷದ ಮೇಲೆ ಅದರ ಮೇಲೆಯೇ ಮತ್ತೊಂದು. ಮೊದಲು ಎರಡು ಮೆಟ್ಟಿಲು ಹತ್ತಿ ಮನೆಯೊಳಗೆ ಹೋಗುತ್ತಿದ್ದೆವು. ಈಗ ಒಳಕ್ಕೆ ಇಳಿಯುತ್ತೇವೆ. ಓಣಿಯ ನೀರಿಗೂ ಅದೇ ದಾರಿ. ನಿಮ್ಮ ಊರಿನಲ್ಲೂ ಹೀಗೆ ಬೀದಿ ಮೇಲೆದ್ದು ಮನೆಗಳು ಕುಸಿದಂತೆ ಕಾಣುತ್ತಿದ್ದರೆ ಆಶ್ಚರ್ಯವಿಲ್ಲ.

ಊರಿನ ಹಿರಿಯ ಗೌಂಡಿಯೊಬ್ಬರನ್ನು ಕರೆಸಿದೆವು. ಗೋಡೆ ತಟ್ಟಿ ನೋಡಿ ಅವರು ಕೈ ತೋರಿಸಿದ್ದು ಹೊರಮೈಯ ಸಿಮೆಂಟಿನ ಕಡೆಗೆ. ಗೋಡೆ ಗಟ್ಟಿಯಾಗಲೆಂದು ಹಿಂದೊಮ್ಮೆ ಬುಡಕ್ಕೆ ಮೂರು ಅಡಿ ಸಿಮೆಂಟ್ ಗಿಲಾವು ಮಾಡಿಸಿದ್ದರು. "ಮಣ್ಣಿನ ಗ್ವಾಡಿ ನೀರು ಕುಡಿತೈತಿ, ಬಿಸಲಿಗೆ ಬಿಡತೈತಿ. ನೀವು ಬಾಯಿ ಕಟ್ಟೀರಿ. ಅದು ಒಳಗಡೆ ಕಾರಾಕತ್ತೈತಿ" ಎಂದರು. ಇದಕ್ಕಿಂತ ಚೆನ್ನಾಗಿ ಯಾವ ಇಂಜಿನಿಯರೂ ಹೇಳಲಾರ. ಮಣ್ಣು ಮತ್ತು ಸುಣ್ಣದ ಮೈಯಲ್ಲಿ ಸಣ್ಣ ರಂಧ್ರಗಳಿವೆ, ಒಳಗಿನ ತೇವ ಆವಿಯಾಗಿ ಹೊರಬೀಳುತ್ತದೆ. ಸಿಮೆಂಟು, ಆಯಿಲ್ ಪೇಂಟು ಆ ದಾರಿ ಮುಚ್ಚುತ್ತವೆ. ಬುಡದ ತೇವ ಹೊರಗೆ ಹೋಗಲಾರದೆ ಇನ್ನೂ ಮೇಲಕ್ಕೆ ಏರುತ್ತದೆ. ನೀರಿನಲ್ಲಿ ಕರಗಿ ಬಂದ ಉಪ್ಪು ಗೋಡೆಯ ಮೈಯಲ್ಲಿ ಹರಳುಗಟ್ಟಿ ಬಣ್ಣವನ್ನು ಒಳಗಿನಿಂದ ನೂಕುತ್ತದೆ. ಕೇರಳದಲ್ಲಿ ನೆಲೆಸಿ ಕಡಿಮೆ ಖರ್ಚಿನ ಮನೆಗಳನ್ನು ಕಟ್ಟಿದ ಲಾರಿ ಬೇಕರ್ (1917–2007) ಮಣ್ಣಿನ ಮನೆಯ ಬಗ್ಗೆ ತಾವೇ ಚಿತ್ರ ಬರೆದು ಪುಟ್ಟ ಪುಸ್ತಕ ಮಾಡಿದ್ದರು. ಆಸಕ್ತಿಯಿದ್ದವರು ಹುಡುಕಿ ನೋಡಿ. ಗೆರೆಚಿತ್ರಗಳೇ ಅರ್ಧ ಪಾಠ ಹೇಳುತ್ತವೆ.

ಒಂದು ವಾರದ ಕೊನೆಗೆ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾರಣಗಳಿದ್ದವು, ಬಣ್ಣದ ಹೆಸರು ಒಂದೂ ಇರಲಿಲ್ಲ. ಕಾಲುವೆಯ ಬಿರುಕನ್ನು ಹುಡುಗಿಯೇ ಒಂದಿಷ್ಟು ಸಿಮೆಂಟು, ಮರಳು ಕಲಸಿ ಮುಚ್ಚಿದಳು. ನೀರು ಹೊರುವ ಕಾಲುವೆಗೆ ಸಿಮೆಂಟು ಸರಿಯೇ. ಭಾವ ಪೇಟೆಯಿಂದ ಉದ್ದನೆಯ ತಗಡಿನ ದೋಣಿ ತಂದರು. ಗೋಡೆ ಬುಡಕ್ಕೆ ಮಣ್ಣು ಹಾಕಿ ತಟ್ಟಿ, ನೀರು ಗೋಡೆಯಿಂದ ಆಚೆ ಹರಿಯುವಂತೆ ಇಳಿಜಾರು ಮಾಡಿದೆವು. ಹೊರಗಿನ ಸಿಮೆಂಟು ಗಿಲಾವು ಕೀಳುವ ಕೆಲಸ ಗೌಂಡಿಗೆ ಬಿಟ್ಟೆವು. ಉಳಿ ಸುತ್ತಿಗೆ ಹಿಡಿದು ಹಳೆಯ ಗೋಡೆಯನ್ನು ಬಡಿಯುವುದು ಹೊಸಬರ ಕೆಲಸವಲ್ಲ. ಆಮೇಲೆ ಒಣಗಲು ಮೂರು ವಾರ ಬಿಟ್ಟೆವು. ಬಿರುಬೇಸಿಗೆಯೂ ಒಮ್ಮೊಮ್ಮೆ ಉಪಕಾರಕ್ಕೆ ಬರುತ್ತದೆ.

ಹೊಸಬರು ಕೈ ಹಾಕಬಾರದ ಕಡೆ ಯಾವುದು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಇದು ಬಣ್ಣದಷ್ಟು ಹಗುರವಾದ ಮಾತಲ್ಲ. ಮಳೆಗಾಲ ಬಂತೆಂದರೆ ಗೋಡೆ ಕುಸಿದು, ಮಾಳಿಗೆ ಬಿದ್ದು ಮಲಗಿದವರು ಸತ್ತ ಸುದ್ದಿ ಓದುತ್ತೇವೆ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ತೊಲೆ ನಡುವೆ ಬಾಗಿದ್ದರೆ, ತಟ್ಟಿದಾಗ ತೊಲೆ ಡೊಳ್ಳಿನಂತೆ ಟೊಳ್ಳು ಸದ್ದು ಮಾಡಿದರೆ (ಗೆದ್ದಲು ತಿಂದಿರುತ್ತದೆ), ಬಿರುಕಿನಲ್ಲಿ ಪೆನ್ಸಿಲ್ ಹೋಗುವಂತಿದ್ದರೆ, ಅಂಥ ಕೋಣೆಯಲ್ಲಿ ಮಲಗುವುದನ್ನೇ ಬಿಟ್ಟು ತಿಳಿದವರನ್ನು ಕರೆಯಬೇಕು. ಸಣ್ಣ ಬಿರುಕಾದರೆ ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ತಿಂಗಳ ಮೇಲೆ ಬಿರುಕು ಗೆರೆ ದಾಟಿದ್ದರೆ ಅದು ಬೆಳೆಯುತ್ತಿದೆ. ದಾಟದಿದ್ದರೆ ಹಳೆಯ ಗಾಯ, ತುಂಬಿಸಿದರೆ ಸಾಕು.

ಮಾಳಿಗೆಯ ವಿಷಯವೂ ಅಷ್ಟೇ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಸವುಳು ಮಣ್ಣು ಹಾಕುವುದು ತಲೆಮಾರುಗಳ ರೂಢಿ. ವಿಜ್ಞಾನ ಓದುವ ಮಕ್ಕಳು ಇದನ್ನು ಗಮನಿಸಬೇಕು. ಸವುಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದಾಗ ಆ ಸೋಡಿಯಂ ಜೇಡಿಯ ಕಣಗಳನ್ನು ಒಂದರಿಂದ ಒಂದು ಬಿಡಿಸುತ್ತದೆ, ಬಿಡಿಯಾದ ನುಣುಪು ಕಣಗಳು ಸಂದುಗಳನ್ನೆಲ್ಲ ಮುಚ್ಚಿ ಕೂರುತ್ತವೆ. ನೀರು ಕೆಳಗೆ ಇಳಿಯುವುದಿಲ್ಲ. ತುಂಗಭದ್ರಾ ಕಾಲುವೆಯ ಸಿರುಗುಪ್ಪ, ಗಂಗಾವತಿ ಕಡೆಯ ರೈತ ಸವುಳು ಎಂದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ, ಬೇರಿಗೆ ನೀರಿಲ್ಲ, ಗಾಳಿಯಿಲ್ಲ, ಬೆಳೆಯಿಲ್ಲ. ಅದೇ ದುರ್ಗುಣ ಮಾಳಿಗೆಗೆ ಗುಣವಾಯಿತು! ಯಾರೂ ಪ್ರಯೋಗಾಲಯದಲ್ಲಿ ಕಲಿಸದೆ ಇದನ್ನು ಕಂಡುಕೊಂಡ ನಮ್ಮ ಅಜ್ಜಂದಿರಿಗೆ ನಮಸ್ಕಾರ.

ಆದರೆ ಅಜ್ಜಂದಿರು ಹಳೆಯ ಮಣ್ಣನ್ನು ಕೆರೆದು ತೆಗೆದು ಹೊಸದು ಹಾಕುತ್ತಿದ್ದರು. ನಾವು ಕೆರೆಯುವ ಕೆಲಸ ಬಿಟ್ಟು ಹಾಕುವುದನ್ನಷ್ಟೇ ಉಳಿಸಿಕೊಂಡಿದ್ದೇವೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದೇ ಒಂದು ಅಂಗುಲ ಮಣ್ಣು ಹೆಚ್ಚಾದರೆ ಎಷ್ಟು ಭಾರ? ಒಂದು ಘನ ಮೀಟರ್ ಮಣ್ಣು ಸುಮಾರು 1,600 ಕಿಲೋ ಎಂದು ಹಿಡಿದು ಲೆಕ್ಕ ಹಾಕಿ. ನಾನು ಹಾಕಿದಾಗ 375 ಕಿಲೋ ದಾಟಿತು. ಅದು ಒಣ ಮಣ್ಣಿನ ಲೆಕ್ಕ, ನೆನೆದರೆ ಇನ್ನೂ ಹೆಚ್ಚು. ಐದು ವರ್ಷ ಹೀಗೆ ಹಾಕಿದರೆ ತೊಲೆಯ ಮೇಲೆ ಹತ್ತೊಂಬತ್ತು ಕ್ವಿಂಟಲ್ ಕೂತಂತೆ. ಈ ಲೆಕ್ಕವನ್ನು ಹುಡುಗಿ ಭಾವನ ಮುಂದೆ ಮಾಡಿ ತೋರಿಸಿದಳು. ಅವರು ಎಲೆ ಅಗಿಯುವುದನ್ನು ನಿಲ್ಲಿಸಿ ಮಾಳಿಗೆ ಕಡೆ ನೋಡಿದರು. ಮರುದಿನವೇ ಗೌಂಡಿ ಮತ್ತು ಇಬ್ಬರು ಆಳು ಮೇಲೆ ಹತ್ತಿ ಹಳೆಯ ಮಣ್ಣು ಕೆರೆದು ಇಳಿಸತೊಡಗಿದರು.

ಇನ್ನು ಗೋಡೆಯ ಒಳಮೈ. ಸಡಿಲಾದ ಬಣ್ಣ, ಗಿಲಾವನ್ನೆಲ್ಲ ಕರಣೆಯಿಂದ ಕೆರೆದು, ಉಪ್ಪಿನ ಪುಡಿಯನ್ನು ಒಣ ಬ್ರಶ್ಶಿನಿಂದ ಉಜ್ಜಿ ತೆಗೆದೆವು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಸೇರುತ್ತದೆ. ಮೆತ್ತಲು ಕೆಮ್ಮಣ್ಣು ಬೇಕಿತ್ತು. ಮಾಳಿಗೆಗೆ ತಂದ ಸವುಳು ಮಣ್ಣು ಉಳಿದಿದೆ, ಅದನ್ನೇ ಮೆತ್ತೋಣ ಎಂದ ಅವಳ ತಮ್ಮ. ಅದು ಬೇಡ, ಉಪ್ಪು ತೆಗೆದ ಗೋಡೆಗೆ ನಾವೇ ಉಪ್ಪು ಮೆತ್ತಿದಂತಾಗುತ್ತದೆ. ಹೊಲದ ಬದುವಿನ ಕೆಮ್ಮಣ್ಣು ತಂದು ಗಾಜಿನ ಬಾಟಲಿಯಲ್ಲಿ ಅರ್ಧದಷ್ಟು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಒಂದು ದಿನ ಇಟ್ಟರೆ ಮರಳು ತಳದಲ್ಲಿ, ಮೇಲೆ ನುಣ್ಣನೆಯ ಹೂಳು, ಅದರ ಮೇಲೆ ಜೇಡಿ ಪದರ ಪದರವಾಗಿ ಕೂರುತ್ತವೆ. ಜೇಡಿ ಹೆಚ್ಚಾದರೆ ಒಣಗಿದಾಗ ಬಿರಿಯುತ್ತದೆ, ಮರಳು ಹೆಚ್ಚಾದರೆ ಉದುರುತ್ತದೆ. ನಮ್ಮದರಲ್ಲಿ ಜೇಡಿ ಹೆಚ್ಚಿತ್ತು. ಮರಳನ್ನು ಮೂರು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ, ಅಂಗೈಯಗಲದ ಮೂರು ತೇಪೆ ಹಾಕಿ ನೋಡಿದೆವು. ಬಿರಿಯದೆ ನಿಂತದ್ದು ಎರಡನೆಯದು. ಅದೇ ಪ್ರಮಾಣದಲ್ಲಿ ಮಣ್ಣು ಕಲಸಿ, ನಾಲ್ಕು ದಿನ ನೆನೆಯಲು ಬಿಟ್ಟು, ಮಕ್ಕಳಿಬ್ಬರೂ ಕಾಲಿನಿಂದ ತುಳಿದರು. ಮೆತ್ತುವ ಮೊದಲು ಗೋಡೆಗೆ ನೀರು ಚಿಮುಕಿಸಬೇಕು. ಇಲ್ಲವಾದರೆ ಒಣಗೋಡೆ ಹಸಿಮಣ್ಣಿನ ನೀರನ್ನು ಹೀರಿಕೊಂಡು, ಮೆತ್ತಿದ್ದು ಹಿಡಿಯದೆ ಬೀಳುತ್ತದೆ.

ಕೊನೆಗೆ ಸುಣ್ಣದ ಸರದಿ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲಿಯೇ ಇದರ ಪಾಠವಿದೆ. ಸುಟ್ಟ ಸುಣ್ಣ ಕ್ಯಾಲ್ಸಿಯಂ ಆಕ್ಸೈಡ್, ನೀರಿಗೆ ಬಿದ್ದರೆ ಬಿಸಿ ಕಾರುತ್ತಾ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಗೋಡೆಗೆ ಹಚ್ಚಿದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ಎರಡು ಮೂರು ದಿನದಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ಹೊಳಪು ಪಡೆಯುತ್ತದೆ. ಅಮೃತಶಿಲೆಯೂ ಅದೇ ವಸ್ತು. "ಇದಕ್ಕ ಸಮೀಕರಣ ಬರೆದು ಎರಡು ಮಾರ್ಕ್ಸ್ ತಗಂಡೀನಿ ಮಾವ. ಆದ್ರ ಇಷ್ಟು ಕುದೀತೈತಿ ಅಂತ ಗೊತ್ತಿರ್ಲಿಲ್ಲ" ಎಂದಳು ಹುಡುಗಿ, ಡ್ರಮ್ಮಿನಿಂದ ಮಾರು ದೂರ ನಿಂತು.

ದೂರ ನಿಲ್ಲಲು ಹೇಳಿದ್ದು ನಾನೇ. ಸುಣ್ಣ ಅರಳಿಸುವ ಕೆಲಸವನ್ನು ದೊಡ್ಡವರೇ ಮಾಡಬೇಕು. ಪ್ಲಾಸ್ಟಿಕ್ ಬಕೀಟು ಬೇಡ, ಕಬ್ಬಿಣದ ಡ್ರಮ್ ಇರಲಿ. ಮೊದಲು ನೀರು, ಅದಕ್ಕೆ ಸುಣ್ಣದ ಹರಳು ಸ್ವಲ್ಪ ಸ್ವಲ್ಪವಾಗಿ. ಸುಣ್ಣದ ಗುಡ್ಡೆಯ ಮೇಲೆ ನೀರು ಸುರಿದು ಬಗ್ಗಿ ನೋಡಿದರೆ ಮುಖಕ್ಕೆ ಸಿಡಿಯುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಿದ್ದ ಕ್ಷಣವೇ ಉಜ್ಜದೆ ಕಾಲು ಗಂಟೆಗೂ ಹೆಚ್ಚು ಹೊತ್ತು ಶುದ್ಧ ನೀರು ಹರಿಸುತ್ತಾ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೆಲಸ ಮಾಡುವವರು ಕಣ್ಣಿಗೆ ಮುಚ್ಚು ಕನ್ನಡಕ, ಕೈಗೆ ರಬ್ಬರ್ ಗ್ಲೌಸು ಹಾಕಿಕೊಳ್ಳಲಿ. ಸ್ವಿಚ್ ಬೋರ್ಡಿನ ಸುತ್ತ ಹಚ್ಚುವಾಗ ಮೇನ್ ಆರಿಸಿರಬೇಕು.

ಅಳತೆ ಸುಲಭ. ಒಂದು ಕಿಲೋ ಸುಣ್ಣಕ್ಕೆ ಸುಮಾರು ಐದು ಲೀಟರ್ ನೀರು. ಒಂದು ಪೂರ್ತಿ ದಿನ ಬಿಟ್ಟು ಒರಟು ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ ಅಂಟು ಸ್ವಲ್ಪ ಸೇರಿಸಬೇಕು. ಬಿಳುಪು ಎದ್ದು ಕಾಣಲು ಚಿಟಿಕೆ ನೀಲಿ. ಸರ್ಕಾರಿ ಕಟ್ಟಡಗಳಿಗೆ ಕೇಂದ್ರ ಲೋಕೋಪಯೋಗಿ ಇಲಾಖೆ ಹೇಳುವ ಕ್ರಮವೂ ಹೆಚ್ಚು ಕಡಿಮೆ ಇದೇ.

ಹೊಸಬರು ಎಡವುವುದು ಇದರ ನಂತರ. ಸುಣ್ಣದ ನೀರು ಹಾಲಿನಷ್ಟು ತೆಳ್ಳಗಿರಬೇಕು. ಅದನ್ನು ಹಚ್ಚಿದಾಗ ಏನೂ ಕಾಣುವುದಿಲ್ಲ! ಕೆಂಪು ಮಣ್ಣು ಕೆಂಪಾಗಿಯೇ ಇರುತ್ತದೆ. ಹುಡುಗಿ ಮೊದಲ ಸಲ ಅರ್ಧ ಗೋಡೆ ಹಚ್ಚಿ, ಹಿಂದೆ ಸರಿದು ನೋಡಿ, ಅಳುವ ಮುಖ ಮಾಡಿದಳು. ಭಾವ ಬಾಗಿಲಿನಿಂದಲೇ "ನಾ ಹೇಳ್ಲಿಲ್ಲೇನು?" ಎಂದರು. ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವ ತಪ್ಪು, ಡ್ರಮ್ಮಿನ ತಳದ ಗಟ್ಟಿ ಸುಣ್ಣ ಕಲಕಿ ದಪ್ಪಗೆ ಬಳಿಯುವುದು. ದಪ್ಪ ಸುಣ್ಣ ಆ ಕ್ಷಣಕ್ಕೆ ಬೆಳ್ಳಗೆ ಕಂಡರೂ ಒಣಗಿ ಪುಡಿಪುಡಿಯಾಗಿ ಬೆನ್ನಿಗೆ ಹತ್ತುತ್ತದೆ. ಊಟ ಮಾಡಿ ಬಾ ಎಂದು ಅವಳನ್ನು ಕಳಿಸಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಒಣಗುತ್ತಿದ್ದ ಗೋಡೆಯ ಮೇಲೆ, ಯಾರೂ ಮುಟ್ಟದೆ, ತಾನೇ ತಾನಾಗಿ ಬಿಳುಪು ಮೂಡುತ್ತಿತ್ತು. ಹುಡುಗಿ ಬಾಗಿಲಲ್ಲೇ ನಿಂತುಬಿಟ್ಟಳು. ಒಂದು ಸಲ ಮೇಲಿಂದ ಕೆಳಗೆ, ಒಂದು ಸಲ ಕೆಳಗಿಂದ ಮೇಲೆ, ಆರುವ ಮುನ್ನ ಅಡ್ಡಡ್ಡ. ಹೀಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಇನ್ನೊಮ್ಮೆ, ಮತ್ತೆ ಮಗದೊಮ್ಮೆ. ಮೂರು ಸಲ ಹಚ್ಚಲು ಮೂರು ದಿನ. ಎರಡನೆಯ ದಿನ ಭಾವ ಪಂಚೆ ಮೇಲೆ ಕಟ್ಟಿ, ಹುಡುಗಿಯ ಕೈಗೆ ಎಟುಕದ ಮೇಲ್ಭಾಗವನ್ನು ತಾವೇ ಹಚ್ಚುತ್ತಿದ್ದರು. ಆಳು ಕರೆಸುವ ಮಾತು ಯಾರೂ ಎತ್ತಲಿಲ್ಲ.

ಗೌಂಡಿ, ಆಳುಗಳ ಕೂಲಿ ಮತ್ತು ದೋಣಿಯ ಖರ್ಚು ಭಾವನದು. ಹುಡುಗಿಯ 1,800ರಲ್ಲಿ ಸುಣ್ಣ, ಬ್ರಶ್ಶು, ಅಂಟು, ಕನ್ನಡಕ, ಕಾಲುವೆಯ ಸಿಮೆಂಟು ಎಲ್ಲ ಸೇರಿ 700 ರೂಪಾಯಿ ಮುಟ್ಟಲಿಲ್ಲ. ಉಳಿದದ್ದರಲ್ಲಿ ಗೋಡೆಯಿಂದ ಒಂದು ಗೇಣು ದೂರ ನಿಲ್ಲುವ ಕಬ್ಬಿಣದ ಪುಸ್ತಕದ ಸ್ಟ್ಯಾಂಡ್ ಕೊಂಡಳು. ಪುಸ್ತಕದ ಹಿಂದೆ ಗಾಳಿಯಾಡಬೇಕೆಂಬುದು ಅವಳದೇ ಯೋಚನೆ.

ರೋಹಿಣಿ ಮಳೆ ಹಿಡಿದ ವಾರ ಅಕ್ಕ ಫೋನು ಮಾಡಿದ್ದಳು. ದೋಣಿಯ ನೀರು ಓಣಿಗೆ ಬೀಳುತ್ತಿದೆ, ಒಳಗೆ ಗೋಡೆ ಬುಡದಲ್ಲಿ ಒಂದು ಮೂಲೆಗೆ ಮಾತ್ರ ಸ್ವಲ್ಪ ತೇವ ಕಂಡಿದೆ, ಹುಡುಗಿ ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿದ್ದಾಳಂತೆ. "ಆ ಡ್ರಮ್ಮಿನಾಗ ಸುಣ್ಣ ಉಳಿದೈತಲ್ಲ, ಕೆಡತೈತೇನು?" ಎಂದು ಕೇಳಿದಳು. ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಳ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ ಎಂದೆ.

"ಹಂಗಾರ ದಸರಾಕ್ಕ ಬಾ. ಅಡಿಗಿಮನಿ ಗ್ವಾಡಿ ಐತಿ."